ಆ ಸ್ವರ್ಗದಲ್ಲಿ ಸಮಾನತೆ ಎಲ್ಲಿದೆ?

ಪ್ರಶ್ನೆ: ಟ್ಯಾಗೋರರ ‘ಗೀತಾಂಜಲಿ’ಯ 35ನೇ ಕವಿತೆ, ಮನಸ್ಸಿಗೆ ಭಯವಿಲ್ಲದ ನಾಡನ್ನು ಬೇಡುವ ಪದ್ಯ, ನಮಗೆ ಪಾಠಕ್ಕಿದೆ. ಅದರಲ್ಲಿ ಸ್ವಾತಂತ್ರ್ಯ ಮತ್ತು ಸಮಾನತೆಯ ಆಶಯ ಬರೆಯಿರಿ ಎನ್ನುತ್ತಾರೆ. ಸಮಾನತೆ ಎಂಬ ಪದವೇ ಅಲ್ಲಿಲ್ಲವಲ್ಲ?
– ಪಿಯು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಪದ ಇಲ್ಲ, ನಿಜ. ಬ್ರಿಟಿಷರ ಹೆಸರೂ ಇಲ್ಲ. ಬಂಗಾಳಿ ಮೂಲ 1901ರ ‘ನೈವೇದ್ಯ’ ಸಂಕಲನದ್ದು. 1912ರಲ್ಲಿ ಅಚ್ಚಾದ ಇಂಗ್ಲಿಷ್ ರೂಪ ಕವಿಯದೇ. ನಿಮ್ಮ ಪ್ರಶ್ನೆಗೆ ಉತ್ತರ ಈ ಎರಡರ ನಡುವೆ ಸಿಗುತ್ತದೆ.

ವಿವೇಕದ ತಿಳಿ ತೊರೆ ಮರುಭೂಮಿಯ ಮರಳಿನಲ್ಲಿ ದಾರಿ ತಪ್ಪದ ನಾಡು ಬೇಕು ಎಂಬ ಸಾಲಿದೆ. ಆ ಮರಳಿಗೆ ಇಂಗ್ಲಿಷಿನಲ್ಲಿ ‘ಡೆಡ್ ಹ್ಯಾಬಿಟ್’ (ಸತ್ತ ಅಭ್ಯಾಸ) ಎಂದಿರುವುದನ್ನು ಹಲವರು ‘ಕೆಟ್ಟ ಅಭ್ಯಾಸ’ ಎಂದು ಬರೆದು, ಸೋಮಾರಿತನದ ಮೇಲೆ ಅರ್ಧ ಪುಟ ತುಂಬಿಸುತ್ತಾರೆ. ಮೂಲದಲ್ಲಿರುವುದು ‘ತುಚ್ಛ ಆಚಾರ’. ಅದರ ಮರಳು ನುಂಗುವುದು ‘ವಿಚಾರ’ದ ಹರಿವನ್ನು. ಆಚಾರ, ವಿಚಾರ ಎರಡೂ ನಮ್ಮವೇ ಮಾತುಗಳು, ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಡಿ-ಮೈಲಿಗೆ, ಮೇಲು-ಕೀಳುಗಳನ್ನು ಕಾಯುತ್ತ ಬಂದದ್ದು ಆಚಾರವೇ ತಾನೆ?

ಕಿರಿದಾದ ಮನೆಗೋಡೆಗಳು (‘ನ್ಯಾರೋ ಡೊಮೆಸ್ಟಿಕ್ ವಾಲ್ಸ್’) ಲೋಕವನ್ನು ಒಡೆಯದ ನಾಡು ಎಂಬ ಸಾಲೂ ಹಾಗೆಯೇ. ‘ಡೊಮೆಸ್ಟಿಕ್’ ನೋಡಿ ಮನೆಜಗಳ ಎಂದುಕೊಳ್ಳಬೇಡಿ. ಬಂಗಾಳಿಯಲ್ಲಿ ಮನೆಯ ಪ್ರಾಚೀರ, ಅಂದರೆ ಗೋಡೆ, ತನ್ನದೇ ಅಂಗಳದಲ್ಲಿ ಹಗಲೂ ರಾತ್ರಿ ವಸುಧೆಯನ್ನು ಚೂರುಚೂರು ಮಾಡುತ್ತದೆ. ಹಾಗೆ ಮಾಡದ ನಾಡು ಬೇಕು ಎಂಬುದು ಬೇಡಿಕೆ. ಭೂಮಿ ಒಂದೇ, ತುಂಡು ಮಾಡಿದ್ದು ನಾವು ಕಟ್ಟಿದ ಗೋಡೆ. ಸಮಾನತೆ ಈ ಎರಡು ಸಾಲಿನಲ್ಲಿದೆ. ಭಯವಿಲ್ಲದ ಮನಸ್ಸು, ಎತ್ತಿದ ತಲೆ, ಬಿಡುಗಡೆಯಾದ ಜ್ಞಾನ ಸ್ವಾತಂತ್ರ್ಯದ ಕಡೆಗೆ.

ಬರೆಯುವ ಮುನ್ನ ಇಂಗ್ಲಿಷ್ ಪಠ್ಯದ ಏಳು ‘ವೇರ್’ (ಎಲ್ಲಿ) ಪದಗಳಿಗೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಇಡೀ ಕವಿತೆ ಒಂದೇ ವಾಕ್ಯ. ಬೇಡಿಕೆಯ ಕ್ರಿಯಾಪದ ಬರುವುದು ಕೊನೆಯ ಸಾಲಿನಲ್ಲಿ, ಆ ಸ್ವಾತಂತ್ರ್ಯದ ಸ್ವರ್ಗದಲ್ಲಿ ನನ್ನ ದೇಶ ‘ಎಚ್ಚರಗೊಳ್ಳಲಿ’ ಎಂದು. ಇದನ್ನು ಮರೆತರೆ ‘ನಮ್ಮ ದೇಶದಲ್ಲಿ ಭಯವಿಲ್ಲ, ಗೋಡೆಗಳಿಲ್ಲ’ ಎಂಬ ವರದಿ ಬರೆದುಬಿಡುತ್ತೀರಿ. ಕವಿ ಇರುವುದನ್ನು ಹೇಳುತ್ತಿಲ್ಲ, ಇಲ್ಲದ್ದನ್ನು ಕೇಳುತ್ತಿದ್ದಾರೆ. ನೊಬೆಲ್, ಶಾಂತಿನಿಕೇತನಗಳಿಗೆ ಒಂದು ಸಾಲು ಸಾಕು. ಗೋಡೆಗೂ ಮರಳಿಗೂ ತಲಾ ನಾಲ್ಕು ಸಾಲು ಕೊಡಿ.

ಪ್ರಶ್ನೆ: ಇದು ದೇಶಭಕ್ತಿ ಗೀತೆಯೋ, ಪ್ರಾರ್ಥನೆಯೋ?
– ಓದುಗರು, ಪುತ್ತೂರು

ಉತ್ತರ: ಪ್ರಾರ್ಥನೆ. ಆದರೆ ಮೆದುವಾದದ್ದಲ್ಲ. ಮೂಲದ ಕೊನೆಯಲ್ಲಿ ‘ಪಿತಃ’ ಎಂದು ಕರೆದು, ನಿನ್ನ ಕೈಯಿಂದಲೇ ನಿರ್ದಯವಾಗಿ ಹೊಡೆದು ಭಾರತವನ್ನು ಆ ಸ್ವರ್ಗದಲ್ಲಿ ಎಬ್ಬಿಸು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪೆಟ್ಟೂ ಇಲ್ಲ, ಭಾರತದ ಹೆಸರೂ ಇಲ್ಲ; ‘ನನ್ನ ದೇಶ’ ಎಂದಷ್ಟೇ ಉಳಿದಿದೆ.