ಚಿಪ್ ಕಟ್ಟಬೇಕಾದ್ದು ಕಾಲಿಗೆ

ಹಿಮದ ಮೇಲೆ ಜಾರುವ ಸ್ಕೀ ಓಟಗಳಲ್ಲಿ, ಓಟಗಾರರು ಕಟ್ಟಿಕೊಳ್ಳುವ ಪುಟ್ಟ ಚಿಪ್‌ಗಳ ನೆರವಿನಿಂದ ಸಮಯ ದಾಖಲಿಸುವುದು ನನ್ನ ಕೆಲಸ. ಫೆಬ್ರುವರಿ ಬಂತೆಂದರೆ ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತಲಿನ ಕನ್ನಡಿಗರಿಂದ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. ಹೇಳಿ ಹೇಳಿ ಸಾಕಾಗಿ ಈ ಸಲ ಬರೆದೇ ಬಿಡುತ್ತಿದ್ದೇನೆ.

ಪ್ರಶ್ನೆ: ಅದು ನನ್ನ ಮೊದಲ 50 ಕಿ.ಮೀ. ಓಟ. ಚಳಿಗೆ ಚಿಪ್‌ನ ಬ್ಯಾಟರಿ ಸಾಯುತ್ತದೆ ಎಂದು ಗೆಳೆಯರು ಹೆದರಿಸಿದರು. ಕೈ ಬೆಚ್ಚಗಿಡುವ ಪೊಟ್ಟಣದ ಜೊತೆ ಅದನ್ನು ಜಾಕೆಟ್ ಜೇಬಿನಲ್ಲಿಟ್ಟುಕೊಂಡೆ. ಫಲಿತಾಂಶದಲ್ಲಿ ನನ್ನ ಹೆಸರೇ ಇಲ್ಲ. ಚಿಪ್ ಕೆಟ್ಟಿತ್ತೇ?

ಕೆಟ್ಟಿರಲಿಲ್ಲ. ಅದರ ಬಾಯಿ ಕಟ್ಟಿದ್ದು ನೀವು.

ಸಾರ್ವಜನಿಕ ಓಟಗಳಲ್ಲಿ ಕೊಡುವ ಚಿಪ್‌ಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿಯೇ ಇರುವುದಿಲ್ಲ. ನಾವು ಕಾಲಿಗೆ ಕಟ್ಟಿಸುವ ಚಿಪ್‌ನ ಒಳಗಿರುವುದು ತಂತಿಯ ಒಂದು ಸುರುಳಿ, ಒಂದು ಸಂಖ್ಯೆ, ಅಷ್ಟೆ. ಗೆರೆಯ ಬಳಿ ಹಿಮದಡಿ ನಾಲ್ಕು ಬೆರಳು ಆಳದಲ್ಲಿ ಹೂತ, ಚಿಪ್ ಓದುವ ಮ್ಯಾಟ್‌ನ ಕಾಂತಕ್ಷೇತ್ರದೊಳಗೆ ಕಾಲು ಬಂದ ಕ್ಷಣ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ಚಿಪ್ ತನ್ನ ಸಂಖ್ಯೆ ಹೇಳುತ್ತದೆ. ಆ ಕ್ಷೇತ್ರ ಮೊಣಕಾಲಿನಷ್ಟು ಎತ್ತರಕ್ಕೆ ಮುಟ್ಟಿದರೆ ದೊಡ್ಡದು. ನಿಮ್ಮ ಜೇಬು ಎಲ್ಲಿ, ಮ್ಯಾಟ್ ಎಲ್ಲಿ? ಇನ್ನು ಆ ಬಿಸಿ ಪೊಟ್ಟಣ. ಒಂದನ್ನು ಕತ್ತರಿಸಿ ನೋಡಿ, ಕಪ್ಪಗೆ ಸುರಿಯುವುದು ಕಬ್ಬಿಣದ ಪುಡಿ. ಕಬ್ಬಿಣ ಪಕ್ಕದಲ್ಲಿದ್ದರೆ ಸುರುಳಿಯ ಶ್ರುತಿಯೇ ತಪ್ಪುತ್ತದೆ. ಒದ್ದೆಯಾಗಬಾರದೆಂದು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ತಂದವರನ್ನೂ ಕಂಡಿದ್ದೇನೆ. ಇಂಥ ಸಲಹೆ ಹಂಚುವ ‘ಅನುಭವಿ’ಗಳನ್ನು ದಯವಿಟ್ಟು ದೂರವಿಡಿ.

ಕಾಲಿಗೇ ಏಕೆಂದರೆ, ಸ್ಕೀ ಓಟದಲ್ಲಿ ಗೆರೆ ದಾಟಿದ ಲೆಕ್ಕ ಮುಂದಿನ ಬೂಟಿನ ತುದಿಗೆ, ಎದೆಗಲ್ಲ. ಕೋಲಿಗೂ ಕಟ್ಟಬೇಡಿ. ದಾರಿಯಲ್ಲಿ ಕೋಲು ಮುರಿದರೆ ಬೇರೆ ಕೋಲು ಹಿಡಿದು ಹೊರಡುತ್ತೀರಿ, ಚಿಪ್ ಕಾಡಲ್ಲೇ ಉಳಿಯುತ್ತದೆ. ಬೂಟಿನ ಮೇಲ್ಗಡೆ, ಕಣಕಾಲಿಗೆ ಪಟ್ಟಿ ಸುತ್ತಿ ಬಿಗಿಯಿರಿ. ಮೇಲೆ ಪ್ಯಾಂಟಿನ ಬಟ್ಟೆ ಬಂದರೆ ಏನೂ ಆಗದು.

ನಾನು ಇಷ್ಟು ಗದರುವುದಕ್ಕೆ ಕಾರಣ ನಿಮ್ಮ ಸಮಯವಲ್ಲ. ಸ್ವೀಡನ್ನಿನ ವಾಸಲೋಪೆಟ್ 90 ಕಿ.ಮೀ. ಉದ್ದ. ಸೇಲೆನ್‌ನಿಂದ ಮೂರಾ ಊರಿನವರೆಗೆ ಸ್ಮೋಗನ್, ರಿಸ್ಬರ್ಗ್, ಎವರ್ಟ್ಸ್‌ಬರ್ಗ್ ಮುಂತಾಗಿ ಏಳು ತಂಗುದಾಣ. ಇಂಥ ಓಟದಲ್ಲಿ ಯಾರು ಎಲ್ಲಿಯವರೆಗೆ ಬಂದರು, ಕಾಡಿನಲ್ಲಿ ಇನ್ನೂ ಯಾರಿದ್ದಾರೆ ಎಂಬುದಕ್ಕೆ ಚಿಪ್‌ನ ಗುರುತೇ ಮೊದಲ ಆಧಾರ. ಒಮ್ಮೆ ಒಬ್ಬರು ಅರ್ಧಕ್ಕೇ ಬಿಟ್ಟು, ಯಾರಿಗೂ ಹೇಳದೆ ಚಿಪ್ ಸಮೇತ ಮನೆಗೆ ಹೋಗಿದ್ದರು. ಕತ್ತಲಾದ ಮೇಲೆ ಮೈನಸ್ 18 ಡಿಗ್ರಿಯಲ್ಲಿ ನಾಲ್ವರು ಸ್ವಯಂಸೇವಕರು ಟಾರ್ಚ್ ಹಿಡಿದು ಅವರನ್ನು ಹುಡುಕಿದರು. ಫೋನಿಗೆ ಸಿಕ್ಕಾಗ ಆತ ಊಟ ಮಾಡುತ್ತಿದ್ದರು. ಅಂದಿನಿಂದ ಯಂತ್ರ ಎಷ್ಟೇ ಚೆನ್ನಾಗಿರಲಿ, ಗೆರೆಯ ಬಳಿ ಒಬ್ಬರನ್ನು ಕೂರಿಸಿ ಎದೆಯ ನಂಬರ್ ಬರೆಸುತ್ತೇನೆ. ಅದೂ ಪೆನ್ಸಿಲ್‌ನಲ್ಲಿ, ಆ ಚಳಿಗೆ ಪೆನ್ನಿನ ಶಾಯಿ ಇಳಿಯುವುದಿಲ್ಲ.

ಪ್ರಶ್ನೆ: ಗೆಳೆಯ ನನ್ನ ಹಿಂದೆ ಮುಗಿಸಿದ, ಪಟ್ಟಿಯಲ್ಲಿ ನನಗಿಂತ ಮುಂದಿದ್ದಾನೆ. ಮೋಸವೇ?

ಅಲ್ಲ. ಅವನು ಹೊರಟದ್ದೂ ನಿಮ್ಮ ಹಿಂದೆ. ಹೊರಡುವ ಗೆರೆಯಿಂದ ಮುಗಿಸುವ ಗೆರೆಗೆ ಅವನಿಗೆ ಹಿಡಿದ ಸಮಯ ಕಡಿಮೆ.

ಪ್ರಶ್ನೆ: ನನ್ನ ಜಿಪಿಎಸ್ ವಾಚ್ ಬೇರೆ ಸಮಯ ತೋರಿಸುತ್ತದೆ. ತಿದ್ದುತ್ತೀರಾ?

ಇಲ್ಲ.

ಪ್ರಶ್ನೆ: ಚಿಪ್‌ನ ವಿಕಿರಣದಿಂದ ಕಾಲಿನ ನರಕ್ಕೆ ತೊಂದರೆಯಂತೆ?

ಬ್ಯಾಟರಿಯಿಲ್ಲದ ಚಿಪ್ ಬಾಯಿ ಬಿಡುವುದು ಮ್ಯಾಟ್ ದಾಟುವ ಕ್ಷಣದಲ್ಲಿ ಮಾತ್ರ. ಫೋನನ್ನು ದಿನವಿಡೀ ಜೇಬಿನಲ್ಲಿಟ್ಟುಕೊಂಡು ಇದನ್ನು ಕೇಳಬೇಡಿ.

ಪ್ರಶ್ನೆ: ಹುಷಾರಿಲ್ಲ. ನನ್ನ ಚಿಪ್ ಕಟ್ಟಿಕೊಂಡು ತಮ್ಮ ಓಡಬಹುದೇ?

ಕೂಡದು. ದಾರಿಯಲ್ಲಿ ಅವನು ಬಿದ್ದರೆ ವೈದ್ಯರ ಕೈಗೆ ಸಿಗುವುದು ನಿಮ್ಮ ವಯಸ್ಸು, ನಿಮ್ಮ ಅಲರ್ಜಿ, ನಿಮ್ಮ ಮನೆಯ ಫೋನ್ ನಂಬರ್. ಅರ್ಧಕ್ಕೆ ಬಿಡುವವರು ಹತ್ತಿರದ ತಂಗುದಾಣದಲ್ಲಿ ಚಿಪ್ ಬಿಚ್ಚಿ ಕೈಗೆ ಕೊಡಿ, ನಂಬರ್ ಹೇಳಿ, ಅವರು ಬರೆದುಕೊಂಡದ್ದನ್ನು ನೋಡಿದ ಮೇಲೇ ಬಸ್ ಹತ್ತಿ.