ಚಾರ್ಕೋಲ್ ಟೂತ್‌ಪೇಸ್ಟ್ ದಿನಾ ಬಳಸಬಹುದಾ? ಹಲ್ಲು ನಿಜಕ್ಕೂ ಬೆಳ್ಳಗಾಗುತ್ತಾ?

ಸ್ವಲ್ಪ ಮಟ್ಟಿಗೆ ಬೆಳ್ಳಗೆ ಕಾಣುತ್ತದೆ, ಸುಳ್ಳಲ್ಲ. ಆದರೆ ದಿನಾ ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ದಂತವೈದ್ಯೆ. ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ, ಹಾಗಾಗಿ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಲ್ಲಿನ ಹೊರಗಿನ ಪದರ ಎನಾಮೆಲ್. ಅದರೊಳಗೆ ಬೆಳಕು ಹಾಯುತ್ತದೆ. ಒಳಗಿರುವ ಡೆಂಟಿನ್ ಮೂಲತಃ ಹಳದಿ. ನಮ್ಮ ಹಲ್ಲಿನ ಬಣ್ಣ ಬಹುಪಾಲು ಬರುವುದೇ ಅಲ್ಲಿಂದ. ಕಾಫಿ, ಟೀ, ತಂಬಾಕಿನ ಕರೆ ಮಾತ್ರ ಎನಾಮೆಲ್ ಮೇಲೆ ಕೂತಿರುತ್ತದೆ. ಚಾರ್ಕೋಲಿನ ಕಣಗಳು ಆ ಕರೆಯನ್ನು ಉಜ್ಜಿ ತೆಗೆಯುತ್ತವೆ, ಅಷ್ಟೇ. ಶುರುವಿನಲ್ಲಿ ಕಾಣುವ ಹೊಳಪು ಅದರದ್ದು. ವಯಸ್ಸಿನಿಂದ ಬಂದ ಹಳದಿ, ಫ್ಲೋರೋಸಿಸ್ (ಚಿಕ್ಕಂದಿನಲ್ಲಿ ಫ್ಲೋರೈಡ್ ಅತಿಯಾಗಿ ಮೈಗೆ ಸೇರಿ ಬರುವ ಕಲೆ), ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ತಿಂದು ಬಂದ ಬಣ್ಣ, ಇವೆಲ್ಲ ಹಲ್ಲಿನ ಒಳಗಿನವು. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೋಗಲಿಲ್ಲವಲ್ಲ ಅಂತ ಇನ್ನೂ ಜೋರಾಗಿ ಉಜ್ಜಿದರೆ ಎನಾಮೆಲ್ ತೆಳುವಾಗಿ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ, ತಣ್ಣೀರು ತಾಕಿದರೆ ಜುಮ್ಮೆನ್ನುತ್ತದೆ. ಎನಾಮೆಲ್‌ನಲ್ಲಿ ಜೀವಕೋಶಗಳಿಲ್ಲ, ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಎಷ್ಟು ಸವೆಯುತ್ತದೆ ಎನ್ನುವುದು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ. ಪೇಸ್ಟಿನ ಒರಟುತನ ಅಳೆಯಲು ಆರ್‌ಡಿಎ ಎಂಬ ಅಳತೆ ಇದೆ, ಅದರ ಗರಿಷ್ಠ ಮಿತಿ 250. ಟ್ಯೂಬಿನ ಮೇಲೆ ಈ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಬರೀ ಚಾರ್ಕೋಲ್ ಪುಡಿಯನ್ನಂತೂ ಹಲ್ಲಿಗೆ ಹಚ್ಚಲೇಬೇಡಿ.

ಆದರೆ ನನ್ನ ದೊಡ್ಡ ತಕರಾರು ಒರಟುತನದ್ದಲ್ಲ, ಫ್ಲೋರೈಡಿನದು. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗಿ ಹೊರಬರುತ್ತದೆ. ಅದನ್ನು ಎಂಜಲು ಮತ್ತೆ ಕೂರಿಸುತ್ತದೆ. ಆ ಕೆಲಸಕ್ಕೆ ಬಲ ಕೊಡುವುದು ಫ್ಲೋರೈಡ್. ಹುಳುಕು ತಡೆಯಬೇಕಾದರೆ ಪೇಸ್ಟಿನಲ್ಲಿ ಅದು 1000ದಿಂದ 1500 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಇರಬೇಕು. 2019ರಲ್ಲಿ ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ ಬಂದ ವಿಮರ್ಶೆಯೊಂದು 50 ಚಾರ್ಕೋಲ್ ಪೇಸ್ಟುಗಳನ್ನು ನೋಡಿತ್ತು. ನೂರಕ್ಕೆ ಎಂಟರಷ್ಟರಲ್ಲಿ ಮಾತ್ರ ಫ್ಲೋರೈಡ್ ಇತ್ತು. ಹಾಕಿದ್ದರೂ ಚಾರ್ಕೋಲೇ ಅದನ್ನು ಹಿಡಿದಿಟ್ಟುಕೊಂಡು ಹಲ್ಲಿಗೆ ಸಿಗದಂತೆ ಮಾಡಬಹುದೆಂಬ ಅನುಮಾನವೂ ಇದೆ. ಬಿಳುಪಿನ ಆಸೆಗೆ ಹುಳುಕು ತಂದುಕೊಳ್ಳುವುದು ಯಾವ ಲೆಕ್ಕ?

‘ವಿಷ ಹೀರುತ್ತದೆ’ ಎಂಬ ಜಾಹೀರಾತಿನ ಮಾತಿಗೆ ಮರುಳಾಗಬೇಡಿ. ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಆಕ್ಟಿವೇಟೆಡ್ ಚಾರ್ಕೋಲ್ ಕೊಡುವುದು ನಿಜ. ಅದು ಹತ್ತಾರು ಗ್ರಾಂ, ಅದೂ ಹೊಟ್ಟೆಗೆ. ಎರಡು ನಿಮಿಷ ಹಲ್ಲುಜ್ಜಿ ಉಗುಳುವ ಚಿಟಿಕೆ ಪುಡಿಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ವಿಮರ್ಶೆಯೂ ಈ ಪೇಸ್ಟುಗಳು ಸುರಕ್ಷಿತ, ಪರಿಣಾಮಕಾರಿ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದೇ ಹೇಳಿತು.

ಇನ್ನೊಂದು ಕಿರಿಕಿರಿ: ಕಪ್ಪು ಕಣಗಳು ಒಸಡಿನ ಸಂದಿಯಲ್ಲಿ, ಫಿಲ್ಲಿಂಗಿನ ಅಂಚಿನಲ್ಲಿ ಕೂತುಬಿಡುತ್ತವೆ. ಬೆಳ್ಳಗಾಗಲಿ ಅಂತ ಹೊರಟವರ ಮುಂದಿನ ಹಲ್ಲಿಗೆ ಕಪ್ಪು ಗೆರೆ!

ಟ್ಯೂಬ್ ಆಗಲೇ ತಂದಿದ್ದರೆ ಗಾಬರಿ ಬೇಡ. ಅಪರೂಪಕ್ಕೆ ಒಮ್ಮೆ, ಮೆತ್ತನೆಯ ಬ್ರಷ್ಷಿನಲ್ಲಿ, ಒತ್ತದೆ ಉಜ್ಜಿದರೆ ಅನಾಹುತವೇನೂ ಆಗದು. ಆದರೆ ದಿನಕ್ಕೆರಡು ಸಲ ಉಜ್ಜಲು ಫ್ಲೋರೈಡ್ ಪೇಸ್ಟೇ ಇರಲಿ. ಹಲ್ಲು ಜುಮ್ಮೆನ್ನುವವರು, ಒಸಡು ಕೆಳಗಿಳಿದು ಬೇರು ಕಾಣುತ್ತಿರುವವರು ಮುಟ್ಟದಿರುವುದೇ ಒಳ್ಳೆಯದು.

ಬಿಳುಪೇ ಬೇಕೆಂದಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ, ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಪೆರಾಕ್ಸೈಡ್ ಬ್ಲೀಚಿಂಗ್ ಇದೆ, ಒಳಗಿನ ಬಣ್ಣಕ್ಕೂ ತಲುಪುವುದು ಅದೇ. ಮುಂದಿನ ಹಲ್ಲಿಗೆ ಕ್ಯಾಪ್ ಅಥವಾ ಫಿಲ್ಲಿಂಗ್ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಬ್ಲೀಚಿಂಗ್‌ನಿಂದ ಅವುಗಳ ಬಣ್ಣ ಬದಲಾಗುವುದಿಲ್ಲ, ಪಕ್ಕದ ಹಲ್ಲು ಬೆಳ್ಳಗಾದ ಮೇಲೆ ಅವು ಬೇರೆಯಾಗಿ ಕಾಣುತ್ತವೆ.