‘ಈ ವರ್ಷ ಚಳಿ ಯಾಕೋ ಜಾಸ್ತಿ’ ಎಂದ ದಾವಣಗೆರೆಯ ಓದುಗರಿಗೆ

ದಾವಣಗೆರೆಯಿಂದ ನಾಲ್ಕು ಪುಟದ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ನಾಲ್ಕರಲ್ಲಿ ಮೂರೂವರೆ ಪುಟ ಬರೀ ದುಡ್ಡಿನ ಲೆಕ್ಕ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ವಿಷಯ ಇಷ್ಟು. ಇವರಿಗೆ 46 ವರ್ಷ. ಗಂಡ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಗಣೇಶನ ಹಬ್ಬ ಆದಮೇಲೆ ಅಲ್ಲಿ ವಾರಕ್ಕೆ ಮೂರೇ ದಿನ ಕೆಲಸ, ಸಂಬಳವೂ ಅರ್ಧ. ಮಗ ಎಂಜಿನಿಯರಿಂಗ್ ಕೊನೇ ವರ್ಷ, ಮಗಳು ಸೆಕೆಂಡ್ ಪಿಯುಸಿ. ಕ್ರೈಸ್ತ ಕುಟುಂಬ. ಪ್ರತಿ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಡಿಸೆಂಬರ್ 23ಕ್ಕೆ ಬೆಂಗಳೂರಿನಿಂದ ನಾದಿನಿಯ ಸಂಸಾರ ಬಂದು 27ರವರೆಗೆ ಇರುತ್ತದೆ. ಬೇಕರಿ ಕೇಕು, ದಿನಾ ಮಟನ್ನು, ಎಲ್ಲರಿಗೂ ಹೊಸ ಬಟ್ಟೆ. ಈ ಸಲ ಸರಳವಾಗಿ ಮಾಡೋಣ ಎಂದು ಇವರು ಹೇಳಿದರೆ, ಮರ್ಯಾದೆ ಹೋಗುತ್ತದೆ ಎಂದು ಗಂಡ ಕೂಗಾಡಿದ್ದಾರೆ. ನಿನ್ನ ಸರ ಅಡ ಇಡೋಣ, ಮುಂದೆ ನೋಡಿಕೊಳ್ಳೋಣ ಎಂದಿದ್ದಾರೆ. ಅದೇ ಗಂಡ ಕರೆಂಟ್ ಉಳಿಸಬೇಕು ಅಂತ ಬಾಗಿಲಿಗೆ ನಕ್ಷತ್ರ ಕಟ್ಟಲು ಬಿಟ್ಟಿಲ್ಲ. ನೆಂಟರು ಬರುವ ದಿನ ಕಟ್ಟಿದರೆ ಸಾಕಂತೆ. ಇವರ ಪ್ರಶ್ನೆ: ಸರ ಅಡ ಇಡಲಾ, ಇಲ್ಲ ನಾದಿನಿಗೆ ಈ ಸಲ ಬರಬೇಡ ಎಂದು ಹೇಳಲಾ?

ಎರಡಕ್ಕೂ ಉತ್ತರ ಕೊಡುತ್ತೇನೆ. ಅದಕ್ಕೆ ಮುಂಚೆ, ಅಮ್ಮಾ, ನೀವು ಮೂರನೇ ಪುಟದ ಕೆಳಗೆ ಬರೆದದ್ದನ್ನು ಇಲ್ಲಿ ಹಾಕುತ್ತೇನೆ. ಮನೆಯ ಉಳಿತಾಯದ ಪಟ್ಟಿ ಅದು. ಹಾಲು ಒಂದೂವರೆ ಲೀಟರಿನಿಂದ ಒಂದಕ್ಕೆ ಇಳಿಸಿದ್ದೀರಿ, ನಿಮಗೆ ಕಪ್ಪು ಟೀ. ಬಿಸಿನೀರು ಎಲ್ಲರಿಗೂ ಆದಮೇಲೆ ಉಳಿದರೆ ನಿಮಗೆ, ಇಲ್ಲದಿದ್ದರೆ ತಣ್ಣೀರು. ಆಮೇಲೆ ಈ ಸಾಲು: ‘ದಸರಾ ರಜೆಯಿಂದ ನನ್ನ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದೇನೆ, ಅಂಥಾ ತೊಂದರೆ ಏನೂ ಕಾಣಲಿಲ್ಲ. ಈ ವರ್ಷ ಚಳಿ ಮಾತ್ರ ಯಾಕೋ ಜಾಸ್ತಿ, ಮಧ್ಯಾಹ್ನ ಕೂಡ ಸ್ವೆಟರ್ ತೆಗೆಯಲು ಆಗುವುದಿಲ್ಲ.’

ಇದನ್ನು ಬರೆದು ಮುಂದಿನ ಸಾಲಿಗೆ ಮಟನ್ ರೇಟಿಗೆ ಹೋಗಿಬಿಟ್ಟಿದ್ದೀರಿ.

ದಾವಣಗೆರೆಯ ಡಿಸೆಂಬರ್ ನನಗೂ ಗೊತ್ತು. ಬೆಳಗಿನ ಜಾವ ಹದಿನೈದು ಹದಿನಾರು ಡಿಗ್ರಿಗೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಫ್ಯಾನ್ ಬೇಕು ಅನ್ನಿಸುತ್ತದೆ. ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಕೂರುವ ಊರಲ್ಲ ಅದು. ಆ ಚಳಿ ಹೊರಗಿನದಲ್ಲ, ನಿಮ್ಮ ಮೈಯೊಳಗಿನದು. ಥೈರಾಯ್ಡ್ ಕಡಿಮೆ ಇದ್ದವರಿಗೆ ಮೈ ಬೇಕಾದಷ್ಟು ಶಾಖ ಮಾಡಿಕೊಳ್ಳುವುದಿಲ್ಲ. ಚಳಿ ತಡೆಯಲಾಗದು, ಸುಸ್ತು, ಕಾಲಿನ ಚರ್ಮ ಒಣಗಿ ಬಿರಿಯುವುದು, ಕೂದಲು ಉದುರುವುದು, ಮಲಬದ್ಧತೆ, ಮಂಕು. ನಿಮ್ಮ ಪತ್ರದಲ್ಲಿ ಇದರಲ್ಲಿ ಮೂರು ಇವೆ. ಅವಕ್ಕೆಲ್ಲಾ ಚಳಿಗಾಲವೋ ವಯಸ್ಸೋ ಕಾರಣ ಎಂದು ನೀವೇ ತೀರ್ಮಾನ ಮಾಡಿದ್ದೀರಿ.

ತೊಂದರೆ ಕಾಣಲಿಲ್ಲ ಎಂದು ನಿಮಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ಥೈರಾಯ್ಡ್ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ರಕ್ತದಲ್ಲಿ ನಿಧಾನಕ್ಕೆ ಇಳಿಯುವ ಔಷಧಿ. ನಿಲ್ಲಿಸಿದಾಗ ಅದು ಅರ್ಧಕ್ಕೆ ಇಳಿಯಲಿಕ್ಕೇ ಹತ್ತಿರ ಹತ್ತಿರ ಒಂದು ವಾರ ಬೇಕು. ಬಿಟ್ಟ ಮರುದಿನವೇ ಏನೋ ಒಂದು ಆಗಿ ಎಚ್ಚರಿಸುವುದಿಲ್ಲ. ವಾರಗಳು ಕಳೆದ ಮೇಲೆ ಒಂದೊಂದಾಗಿ ಶುರುವಾಗುತ್ತದೆ. ಆಗ ಮನುಷ್ಯರು ಚಳಿಗಾಲವನ್ನು ಬೈಯುತ್ತಾರೆ, ವಯಸ್ಸನ್ನು ಬೈಯುತ್ತಾರೆ. ಬಹಳ ಕಾಲ ಹೀಗೇ ಬಿಟ್ಟರೆ ಕೊಲೆಸ್ಟ್ರಾಲ್ ಏರುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ.

ಇಷ್ಟೆಲ್ಲಾ ಅನುಭವಿಸಿ ಎಷ್ಟು ಉಳಿಸಿದಿರಿ? ಆ ಮಾತ್ರೆ ದಿನಕ್ಕೆ ಎರಡು ಮೂರು ರೂಪಾಯಿ. ಅರ್ಧ ಕೆಜಿ ಪ್ಲಮ್ ಕೇಕಿನ ದುಡ್ಡಿಗೆ ಎರಡು ತಿಂಗಳ ಮಾತ್ರೆ ಬರುತ್ತದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಹತ್ತಿರ ಹೋಗಿ ಮನೆಯವರೆಲ್ಲರ ಆರೋಗ್ಯಕ್ಕೆ ಮೇಣದಬತ್ತಿ ಹಚ್ಚಿ ಬಂದೆ ಎಂದು ಬರೆದಿದ್ದೀರಿ. ಮನೆಯವರಲ್ಲಿ ನೀವೂ ಒಬ್ಬರು, ಅಲ್ವಾ?

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ನನ್ನ ಹಟ ಗೊತ್ತಿದೆ: ಊಟಕ್ಕೆ ಮನೆಯವರೆಲ್ಲಾ ಒಟ್ಟಿಗೆ ಕೂರಬೇಕು, ಬಡಿಸುವವರೂ ಸೇರಿ. ಇದನ್ನು ಪ್ರೀತಿ ಹೆಚ್ಚಲಿ ಅಂತ ನಾನು ಹೇಳುವುದಲ್ಲ. ಕೊನೆಗೆ ಉಣ್ಣುವವರ ತಟ್ಟೆಯಲ್ಲಿ ಏನಿತ್ತು ಎಂದು ಯಾರೂ ನೋಡಿರುವುದಿಲ್ಲ. ಮನೆಗೆ ಕಷ್ಟ ಬಂದಾಗ ಉಳಿತಾಯ ಶುರುವಾಗುವುದು ಆ ತಟ್ಟೆಯಿಂದ, ಮುಗಿಯುವುದೂ ಅಲ್ಲೇ. ನಿಮ್ಮ ಮನೆಯಲ್ಲಿ ಹಾಲು ಕಡಿಮೆಯಾಗಿದೆ ಎಂದು ಮಿಕ್ಕ ಮೂವರಿಗೆ ಗೊತ್ತೇ ಇಲ್ಲ. ಅವರ ಲೋಟದಲ್ಲಿ ಅಷ್ಟೇ ಇದೆಯಲ್ಲ.

ಈಗ ನನ್ನ ಸಿಟ್ಟಿನ ವಿಷಯ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಪತ್ರದಲ್ಲಿ ನೀವು ಒಂದೇ ಒಂದು ಸಲವೂ ದೂರು ಹೇಳದ ಒಬ್ಬರಿದ್ದಾರೆ, ನಿಮ್ಮ ಮಗ. ‘ಪಾಪ, ಅವನಿಗೆ ಪ್ರಾಜೆಕ್ಟ್ ಟೆನ್ಷನ್.’ ಬೆಳಿಗ್ಗೆ ಅರ್ಧ ಗಂಟೆ, ಕಾಲೇಜಿಂದ ಬಂದು ಅರ್ಧ ಗಂಟೆ ಬಿಸಿನೀರಿನ ಶವರ್. ನಿಮ್ಮ ಹೆಸರಿಗೆ ಬರುವ ಗೃಹಲಕ್ಷ್ಮಿಯ 2000 ರೂಪಾಯಿ ಬಂದ ತಿಂಗಳು ಅವನ ಫೋನಿನ ಕಂತಿಗೆ ಹೋಗುತ್ತದೆ. ಈ ಸಲ ಕೇಕ್ ಸಣ್ಣದು ಎಂದಾಗ ಮುಖ ಊದಿಸಿಕೊಂಡು ಊಟ ಬಿಟ್ಟವನೂ ಅವನೇ. 21 ವರ್ಷದ ಹುಡುಗ. ನಾದಿನಿಗಿಂತ, ಗಂಡನಿಗಿಂತ ನನಗೆ ಬೇಸರ ತರಿಸಿದ್ದು ಇವನು. ಎಂಜಿನಿಯರಿಂಗ್ ಓದುತ್ತಿದ್ದಾನೆ, ಈ ಲೆಕ್ಕ ಅವನೇ ಮಾಡಬಹುದಿತ್ತು. ಮಾಡಿಲ್ಲ, ನಾನು ಮಾಡುತ್ತೇನೆ.

ನಿಮ್ಮ ಗೀಸರ್ 2000 ವಾಟ್ ಎಂದು ಬರೆದಿದ್ದೀರಿ. ಬಿಸಿನೀರು ಹರಿಯುತ್ತಿದ್ದಷ್ಟು ಹೊತ್ತೂ ಅದು ಕಾಯಿಸುತ್ತಲೇ ಇರುತ್ತದೆ. ಅರ್ಧ ಗಂಟೆಗೆ ಒಂದು ಯೂನಿಟ್. ದಿನಕ್ಕೆ ಎರಡು ಸ್ನಾನ, ತಿಂಗಳಿಗೆ 60 ಯೂನಿಟ್, ಅವನೊಬ್ಬನಿಗೆ. ಇನ್ನು ನಕ್ಷತ್ರ. ಅದರೊಳಗೆ 9 ವಾಟಿನ ಎಲ್‌ಇಡಿ ಬಲ್ಬ್ ಹಾಕಿ ಸಂಜೆ ಆರರಿಂದ ರಾತ್ರಿ ಹನ್ನೊಂದರವರೆಗೆ ಉರಿಸಿ. 25 ದಿನಕ್ಕೆ ಒಂದು ಯೂನಿಟ್ಟಿನ ಮೇಲೆ ಚೂರು. ಇಡೀ ತಿಂಗಳ ನಕ್ಷತ್ರಕ್ಕೆ ಅವನ ಒಂದು ಸ್ನಾನದಷ್ಟು ಕರೆಂಟ್. ನೀವು ಬಿಟ್ಟಿರುವ ಬಿಸಿನೀರು ಎಷ್ಟು ಗೊತ್ತಾ? ಹದಿನೈದು ಲೀಟರಿನ ಒಂದು ಬಕೆಟ್ ಮೈಗೆ ಹಿತವಾಗುವಷ್ಟು ಕಾಯಿಸಲು ಅರ್ಧ ಯೂನಿಟ್ ಕೂಡ ಬೇಡ.

ಕಳೆದ ಡಿಸೆಂಬರಿನಲ್ಲಿ ಸೊನ್ನೆ ಬಿಲ್ ಹೋಗಿ ಪೂರ್ತಿ ಬಿಲ್ ಯಾಕೆ ಬಂತು ಎಂದು ಕೇಳಿದ್ದೀರಿ. ಗೃಹಜ್ಯೋತಿಯಲ್ಲಿ ಎಲ್ಲ ಮನೆಗೂ 200 ಯೂನಿಟ್ ಫ್ರೀ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟು ಫ್ರೀ. ಅದು ಮೀರಿದರೆ ಮೀರಿದಷ್ಟಕ್ಕೆ ದುಡ್ಡು. 200 ದಾಟಿದರೆ ಆ ತಿಂಗಳ ಅಷ್ಟೂ ಯೂನಿಟ್ಟಿಗೆ ನೀವೇ ಕಟ್ಟಬೇಕು. ಚಳಿಗಾಲದ ಗೀಸರ್, ಮೇಲೆ ಐದು ದಿನ ನಾಲ್ಕು ಜನ ನೆಂಟರು. ದಾಟದೆ ಇನ್ನೇನು? ನಕ್ಷತ್ರ ಇವತ್ತೇ ಕಟ್ಟಿ. ಮಗನಿಗೆ ಒಂದು ಬಕೆಟ್ ಕೊಡಿ, ಶವರ್ ಬೇಡ. ಅವನ ಮುಂಚೆ ನಿಮ್ಮ ಸ್ನಾನ ಆಗಲಿ.

ಗಂಡನ ಬಗ್ಗೆ ನೀವು ಬರೆದದ್ದು ಓದಿದವರಿಗೆ ಅವರು ದುಷ್ಟರು ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಅವರ ತಂದೆ ಹತ್ತಿ ಗಿರಣಿಯಲ್ಲಿದ್ದರು, ಗಿರಣಿ ಮುಚ್ಚಿದಾಗ ಇವರು ಹೈಸ್ಕೂಲಿನಲ್ಲಿದ್ದರು ಎಂದಿದ್ದೀರಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಇತ್ತು. ಆ ಗಿರಣಿಗಳು ಮುಚ್ಚಿದಾಗ ಎಷ್ಟು ಮನೆಗಳಲ್ಲಿ ಒಲೆ ಸಣ್ಣದಾಯಿತು, ಎಷ್ಟು ಜನ ನೆಂಟರ ಮನೆ ಕಡೆ ಹೋಗುವುದನ್ನೇ ಬಿಟ್ಟರು! ಹಾಗೆ ಬೆಳೆದ ಹುಡುಗನಿಗೆ ಅರ್ಧ ಸಂಬಳ ಅಂದರೆ ಬರೀ ಅರ್ಧ ಸಂಬಳ ಅಲ್ಲ. ಅಪ್ಪನಿಗೆ ಆದದ್ದು ತನಗೂ ಆಗುತ್ತಿದೆ ಎನ್ನುವ ಭಯ. ಅವರು ಕೂಗಿದ್ದು ಆ ಭಯಕ್ಕೆ. ಅದಕ್ಕೆ ಸರ ಅಡ ಇಡುವುದು ಮದ್ದಲ್ಲ. 30 ಸಾವಿರ ತಂದರೆ, ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದುಕೊಂಡರೂ 300 ರೂಪಾಯಿ. ಮಾತ್ರೆಗೆ ದುಡ್ಡಿಲ್ಲ ಎಂದವರು ಅದರ ಮೂರು ಪಟ್ಟಿಗೂ ಹೆಚ್ಚು ಬಡ್ಡಿ ಕಟ್ಟುತ್ತೀರಿ. ಸರ ಅಡ ಇಡಬೇಡಿ.

ಅವರಿಗೆ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ಕೊಡಿ. ಗೋದಲಿಯ ಭಾಗ ಎಲ್ಲರಿಗೂ ಬಾಯಿಪಾಠ. ಅದರ ಮುಂದೆ, ಮಗುವನ್ನು ದೇವಾಲಯಕ್ಕೆ ಕರೆದುಕೊಂಡು ಹೋಗುವ ಭಾಗ ಓದಲಿ. ಬಾಣಂತನ ಮುಗಿದಾಗ ಕುರಿಮರಿ ಕೊಡಬೇಕಿತ್ತು. ಕುರಿಮರಿಗೆ ಶಕ್ತಿ ಇಲ್ಲದವರು ಜೋಡಿ ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಯನ್ನೋ ಕೊಡಬಹುದು ಎಂದು ಬೈಬಲ್ಲಿನ ಯಾಜಕಕಾಂಡದಲ್ಲಿ ಇದೆ. ಮರಿಯ, ಜೋಸೆಫ್ ಕೊಟ್ಟದ್ದು ಹಕ್ಕಿಯ ಕಾಣಿಕೆ. ಸಾಲ ಮಾಡಿ ಕುರಿಮರಿ ತರಲಿಲ್ಲ. ದೇವಾಲಯದಲ್ಲಿ ಎಲ್ಲರ ಎದುರಿಗೇ ಕೊಟ್ಟರು.

ನಾದಿನಿಗೆ ಬರಬೇಡ ಎನ್ನಬೇಡಿ. ಆದರೆ ಅಣ್ಣನಿಗೆ ಈಗ ಅರ್ಧ ಸಂಬಳ ಎಂದು ಅವರಿಗೆ ಗೊತ್ತಿರಬೇಕು, ಅದನ್ನು ಅಣ್ಣನೇ ಫೋನ್ ಮಾಡಿ ಹೇಳಬೇಕು. ನೀವು ಹೇಳಿದರೆ ಅದು ಅತ್ತಿಗೆಯ ಜಿಪುಣತನ ಆಗುತ್ತದೆ. ಮಟನ್ 25ರ ಮಧ್ಯಾಹ್ನ ಒಂದೇ ಹೊತ್ತು. ಮಿಕ್ಕ ದಿನಗಳಿಗೆ ಅವರೆಕಾಯಿ ಕಾಲ ಇದು, ಕಾಳಿನ ಸಾರು, ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಂಜೆಗೆ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ. ಬೆಂಗಳೂರಿನಿಂದ ಬರುವವರು ಊರಿನ ಮಂಡಕ್ಕಿ ಮಿರ್ಚಿಗೆ ಬೇಡ ಎನ್ನುವುದನ್ನು ನಾನಂತೂ ನೋಡಿಲ್ಲ. ನೆಂಟರಿಗೆ ಹೊಸ ರಗ್ಗು ಕೊಳ್ಳಬೇಕು ಎಂದಿದ್ದೀರಿ, ಬೇಡ. ಅಟ್ಟದ ಮೇಲೆ ಅತ್ತೆಯ ಕಾಲದ ಎರಡು ಚಳ್ಳಕೆರೆ ಕಂಬಳಿ ಇವೆಯಂತಲ್ಲ, ಬಿಸಿಲಿಗೆ ಹಾಕಿ ಕೊಡವಿ, ಅವನ್ನೇ ಕೊಡಿ. ಅದರ ಮುಂದೆ ಯಾವ ರಗ್ಗೂ ಇಲ್ಲ.

ರೋಸ್ ಕುಕೀಸ್ ಮಾತ್ರ ಬಿಡಬೇಡಿ. ಅಕ್ಕಿಹಿಟ್ಟು, ಮೈದಾ, ಮೊಟ್ಟೆ, ಸಕ್ಕರೆ, ಒಂದು ತೆಂಗಿನಕಾಯಿಯ ಹಾಲು, ಅಷ್ಟೇ ಖರ್ಚು. ಅಚ್ಚನ್ನು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಮೇಲಂಚು ಮುಳುಗಿತೋ, ಹೂವು ಅಚ್ಚು ಬಿಟ್ಟು ಬರುವುದಿಲ್ಲ. ನಿಮಗೆ ಇದು ಗೊತ್ತೇ ಇದೆ, ಹೇಳುತ್ತಿರುವುದು ನಿಮ್ಮ ಮಗನಿಗೆ. 23ರ ಸಂಜೆ ಅವನು ಒಲೆ ಮುಂದೆ ನಿಲ್ಲಲಿ, ನಾದಿನಿಯ ಮಕ್ಕಳು ಪಕ್ಕದಲ್ಲಿ ಕೂತು ತಟ್ಟೆಗೆ ಜೋಡಿಸಲಿ, ನೀವು ಕುರ್ಚಿಯಲ್ಲಿ ಕೂತಿರಿ. ಆ ಐದೂ ದಿನ ಊಟಕ್ಕೆ ಎಂಟು ಜನವೂ ಒಟ್ಟಿಗೆ. ತಟ್ಟೆ ಸಾಲದಿದ್ದರೆ ಬಾಳೆಲೆ ತನ್ನಿ.

ಇಷ್ಟರಲ್ಲಿ ಯಾವುದನ್ನು ಬೇಕಾದರೂ ಬಿಡಿ. ಮಟನ್ ನಾಲ್ಕು ದಿನ ಮಾಡಿ, ನಕ್ಷತ್ರ ಕಟ್ಟದೆ ಇರಿ, ನಾನು ಏನೂ ಅನ್ನುವುದಿಲ್ಲ. ಇದೊಂದನ್ನು ಬಿಡುವ ಹಾಗಿಲ್ಲ: ಈ ವಾರವೇ ಚಿಗಟೇರಿ ಜಿಲ್ಲಾಸ್ಪತ್ರೆಗೆ ಹೋಗಿ. ಹಳೆಯ ಚೀಟಿ, ಥೈರಾಯ್ಡ್ ರಕ್ತ ಪರೀಕ್ಷೆಯ ಹಳೆಯ ಟಿಎಸ್‌ಎಚ್ ರಿಪೋರ್ಟ್ ತೆಗೆದುಕೊಂಡು ಹೋಗಿ. ಎಂದಿನಿಂದ ಮಾತ್ರೆ ನಿಲ್ಲಿಸಿದ್ದೀರಿ ಎಂದು ಮುಚ್ಚಿಡದೆ ಹೇಳಿ, ಯಾಕೆ ನಿಲ್ಲಿಸಿದಿರಿ ಎಂದೂ ಹೇಳಿ. ಡೋಸ್ ಎಷ್ಟು ಎಂದು ಡಾಕ್ಟರ್ ಹೇಳುತ್ತಾರೆ, ನೀವಾಗಿ ತೀರ್ಮಾನ ಮಾಡಬೇಡಿ. ಹೊರಗೆ ಕೊಳ್ಳಬೇಕಾಗಿ ಬಂದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ಗೃಹಲಕ್ಷ್ಮಿ ದುಡ್ಡಿನಲ್ಲಿ ಮೊದಲ ಖರ್ಚು ಇದು, ಫೋನಿನ ಕಂತು ಆಮೇಲೆ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ, ಅರ್ಧ ಗಂಟೆಯಾದರೂ ಬಿಟ್ಟು ಟೀ. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ, ಆ ತಾರೀಖನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಒಬ್ಬರೇ ಹೋಗಬೇಡಿ. ಮಗನನ್ನು ಕರೆದುಕೊಂಡು ಹೋಗಿ. ಚೀಟಿ ಮಾಡಿಸುವ ಸಾಲಿನಲ್ಲಿ ಅವನು ನಿಲ್ಲಲಿ, ಡಾಕ್ಟರ್ ಮುಂದೆ ನೀವು ಹೇಳುವುದನ್ನೆಲ್ಲಾ ಅವನು ಕೇಳಿಸಿಕೊಳ್ಳಲಿ.